ಕೂಡ್ಲಿಗಿಯಲ್ಲಿ ನಿಂತು ನೋಡಿದವರು

ಹೋದ ವಾರ ಸೋದರಮಾವನ ಮಗನ ಗೃಹಪ್ರವೇಶದ ಊಟಕ್ಕೆಂದು ಕೂಡ್ಲಿಗಿಗೆ ಹೋಗಿದ್ದೆವು. ಬಸ್ಸಿನಿಂದ ಇಳಿದವನು ರೂಢಿಯಂತೆ ಮೊದಲು ಪರ್ಸು ಮುಟ್ಟಿ ನೋಡಿಕೊಂಡೆ, ಆಮೇಲೆ ಮೊಬೈಲು, ಆಮೇಲೆ ಮನೆಯಲ್ಲಿ ಗ್ಯಾಸ್ ಬಂದ್ ಮಾಡಿದ್ದೇವೋ ಇಲ್ಲವೋ ಎಂದು ಹೆಂಡತಿಯನ್ನು ಕೇಳಿದೆ.

"ಬಂದ್ ಮಾಡೀನಿ ಅಂತ ಬಸ್ಸಿನ್ಯಾಗ ಹೇಳಿದ್ನೆಲ್ಲ" ಎಂದಳು ಶಕುಂತಲಾ. "ಮನಿ ಸುಟ್ಟಿದ್ರೂ ಇನ್ನ ಊಟಾ ಮಾಡ್ಕೊಂಡೇ ಹೋಗಾದು. ನಡೀರಿ."

ಬಸ್ಸು ಹೋಯಿತು, ಅದು ಎಬ್ಬಿಸಿದ ಧೂಳು ಇಳಿಯಿತು, ಧೂಳಿನ ಹಿಂದಿನಿಂದ ಹೊಸ ಹುಣಸೆಹಣ್ಣಿನ ವಾಸನೆ ಬಂತು. ಬೇಸಿಗೆ ಶುರುವಾಗುವ ಹೊತ್ತಿಗೆ ಕೂಡ್ಲಿಗಿಯಲ್ಲಿ ಈ ವಾಸನೆಯಿಂದ ತಪ್ಪಿಸಿಕೊಳ್ಳುವುದು ಆಗದ ಮಾತು. ಗೋದಾಮುಗಳ ಮುಂದೆ ಹೆಂಗಸರು ಸಾಲಾಗಿ ಕೂತು ಹಣ್ಣು ಬಡಿದು ಬೀಜ ಬಿಡಿಸುತ್ತಿರುತ್ತಾರೆ. ಯಾರಿಗಾದರೂ ಬಾಯಲ್ಲಿ ನೀರು ಬರಬೇಕು. ನಾನು ಮೂಗಿಗೆ ಕರವಸ್ತ್ರ ಹಿಡಿದೆ. ನನ್ನ ನೆನಪಿನಲ್ಲಿ ಆ ಹುಳಿಯ ಜೊತೆಗೆ ಇನ್ನೊಂದು ವಾಸನೆ ಅಂಟಿಕೊಂಡಿದೆ, ಮೋಟರ್ ವೈಂಡಿಂಗಿಗೆ, ಅಂದರೆ ಒಳಗೆ ಸುತ್ತಿದ ತಂತಿಗೆ, ಹಾಕುವ ವಾರ್ನಿಶ್ಶಿನದು. ಅವೆರಡೂ ಸೇರಿದ್ದ ಒಂದು ಬೇಸಿಗೆ ಇತ್ತು.

ಅದು ಹೋದ ವರ್ಷದ ಹಿಂದಿನ ವರ್ಷ. ಆ ಬೇಸಿಗೆಯ ಬಗ್ಗೆ ಹೇಳಬೇಕಾದರೆ ಗುರುಬಸಪ್ಪನಿಂದ ಶುರುಮಾಡಬೇಕು. ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಅವನೂ ನಾನೂ ಒಂದೇ ಬೆಂಚು. ಓದು ಮುಗಿದ ಮೇಲೆ ಅವನು ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿ ಇಟ್ಟ, ನಾನು ಟೈಪಿಂಗ್ ಕಲಿಸುವ ಅಂಗಡಿ ಇಟ್ಟೆ. ಅವನದು ಬೆಳೆದು ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳಲ್ಲೂ ಒಂದೊಂದು ಸೆಂಟರ್ ಆಯಿತು. ನನ್ನದು ಟೈಪ್‌ರೈಟರುಗಳ ಜೊತೆಗೇ ಮುಗಿಯಿತು. "ಬಾರಲೇ ಮಂಜ, ನಮ್ಮ ಆಫೀಸಿನ ಕಂಪ್ಯೂಟರ್ ನೋಡ್ಕೊಂಡು ಕುಂದ್ರು" ಎಂದ. ಅಂದಿನಿಂದ ಅವನು ನನಗೆ 'ಲೇ' ಅನ್ನುತ್ತಾನೆ, ನಾನು ಅವನಿಗೆ 'ರೀ' ಅನ್ನುತ್ತೇನೆ. ಸಂಬಳ ಅಂದರೆ ಇದೇ ಇರಬೇಕು.

ಐದು ಊರಿಗೂ ಒಂದೊಂದು ವೆಬ್‌ಸೈಟು ಮಾಡಿಸಿದವನು ಗುರುಬಸಪ್ಪನ ಅಳಿಯ. ಸೈಟು ತೆರೆದರೆ ಆ ಊರಿನ ಸೆಂಟರಿನ ನಂಬರು, ಕೆಳಗೆ 'ಕರೆ ಮಾಡಿ' ಎಂಬ ಹಸಿರು ಗುಂಡಿ. ಯಾರು ಬಂದರು, ಯಾರು ಗುಂಡಿ ಒತ್ತಿದರು ಎಂದು ಎಣಿಸಲು ಸೈಟಿನೊಳಗೆ ಕಣ್ಣಿಗೆ ಕಾಣದ ಟ್ಯಾಗುಗಳಿರುತ್ತವೆ. ಮನೆಯಲ್ಲಿ ಇದನ್ನು ವಿವರಿಸಿದಾಗ ಶಕುಂತಲಾ, "ದನದ ದವಾಖಾನಿಯೋರು ಕಿವಿಗೆ ಹೊಡೀತಾರಲ್ಲ, ಹಂಗೇನು?" ಎಂದಳು. ಹೆಚ್ಚು ಕಡಿಮೆ ಹಾಗೆಯೇ. ವ್ಯತ್ಯಾಸವೆಂದರೆ ದನಕ್ಕೆ ಗೊತ್ತಾಗುತ್ತದೆ.

ಆ ಬೇಸಿಗೆಗೆ ಮುಂಚಿನ ದೀಪಾವಳಿಗೆ ಮಾವನಿಗೂ ಅಳಿಯನಿಗೂ ಜಗಳವಾಯಿತು. ಯಾವುದಕ್ಕೆಂದು ನಾನು ಕೇಳಲಿಲ್ಲ. ಕೇಳಿದರೆ ನನ್ನಿಂದಲೇ ಆಯಿತೇನೋ ಎಂದು ಹೆದರಿಕೆ. ಅಳಿಯ ಹೊಸಪೇಟೆಗೆ ಹೋಗಿ ಬೇರೆ ವ್ಯಾಪಾರ ಹಿಡಿದ. ಐದೂ ಸೈಟುಗಳ ಟ್ಯಾಗುಗಳೆಲ್ಲ ಅವನ ಹೆಸರಿನ ಅಕೌಂಟಿನಲ್ಲೇ ಉಳಿದವು. ಗುರುಬಸಪ್ಪ ಮಗಳ ಕಡೆಯಿಂದ ಪಾಸ್‌ವರ್ಡ್ ತರಿಸಿ ನನ್ನ ಮೇಜಿನ ಮೇಲಿಟ್ಟ.

"ಅವನ ಹೆಸರಿನ್ಯಾಗ ಇರಾದೆಲ್ಲಾ ನಮ್ಮ ಹೆಸರಿಗೆ ತರಬೇಕು. ಒಂದು ಗುಂಜಿಯೂ ಅಲ್ಲಿ ಉಳೀಬಾರದು."

ಕೈಯಿಂದ ಒಂದೊಂದೇ ಟ್ಯಾಗ್ ಹೊಸದಾಗಿ ಮಾಡುತ್ತ ಕೂತರೆ ನಾನು ಎಲ್ಲಿ ಏನು ಬಿಡುತ್ತೇನೋ ಎಂದು ನನಗೇ ಖಾತ್ರಿಯಿತ್ತು. ನಮ್ಮ ಜಾಹೀರಾತು ನೋಡಿಕೊಳ್ಳುವ ದಾವಣಗೆರೆಯ ಹುಡುಗ ಪ್ರವೀಣ ಅದಕ್ಕೊಂದು ಟೂಲ್ ಕಳಿಸಿದ. ತೆರೆದರೆ ಬರೀ ಕಪ್ಪು ಪರದೆ. ಮೌಸಿಗೆ ಅಲ್ಲಿ ಏನೂ ಕೆಲಸವಿಲ್ಲ. ಕಮಾಂಡು ಬರೆದು ಎಂಟರ್ ಹೊಡೆಯಬೇಕು. ಟೈಪಿಂಗ್ ಕಲಿಸಿದವನಿಗೆ ಹಳೆಯ ಮನೆಗೆ ಹೋದಂತಾಯಿತು. ಒಂದು ಕಮಾಂಡು ಹಳೆಯ ಅಕೌಂಟಿನಲ್ಲಿರುವುದನ್ನೆಲ್ಲ ಒಂದು ಫೈಲಿಗೆ ಇಳಿಸುತ್ತದೆ, ಇನ್ನೊಂದು ಅದನ್ನು ಹೊಸ ಅಕೌಂಟಿಗೆ ಏರಿಸುತ್ತದೆ. ನನಗೆ ಬಹಳ ಹಿಡಿಸಿದ್ದು ಮಧ್ಯದ್ದು, ಡ್ರೈ ರನ್. ನಿಜವಾಗಿ ಏನನ್ನೂ ಮುಟ್ಟದೆ, ಮುಟ್ಟಿದರೆ ಏನಾಗುತ್ತದೆ ಎಂದು ಮಾತ್ರ ತೋರಿಸುತ್ತದೆ. ಇಂಥದೊಂದು ಸೌಲಭ್ಯ ಲೋಕದಲ್ಲಿದೆ ಎಂದು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಇದ್ದಿದ್ದರೆ ಮನೆ ಕಟ್ಟುವ ಮೊದಲು ಒಂದು, ಟೈಪಿಂಗ್ ಅಂಗಡಿ ತೆರೆಯುವ ಮೊದಲು ಒಂದು ಮಾಡಿಕೊಳ್ಳುತ್ತಿದ್ದೆ. ಮದುವೆಗೆ ಮೊದಲು ಶಕುಂತಲಾ ಮಾಡಿಕೊಳ್ಳುತ್ತಿದ್ದಳು.

ಬಿಸಿಲು ಆಗಲೇ ಕಾಯತೊಡಗಿತ್ತು. ಆಫೀಸಿನ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ಕೊಡುತ್ತಿತ್ತು. ಕರೆಂಟು ಇದ್ದಾಗೆಲ್ಲ ನಾನು ಡ್ರೈ ರನ್ ಮಾಡಿದೆ. ಪ್ರತಿಸಲವೂ ಹಸಿರು ಸಾಲುಗಳು ಬಡಬಡ ಇಳಿಯುತ್ತಿದ್ದವು, ನಡುವೆ ಒಂದೇ ಒಂದು ಹಳದಿ ಸಾಲು. ಕೂಡ್ಲಿಗಿಯ ಸೈಟಿನದು. ಯಾವುದೋ ಟೈಮರ್ ಟ್ರಿಗ್ಗರಿನ, ಅಂದರೆ ಹೊತ್ತು ಅಳೆದು ಟ್ಯಾಗನ್ನು ಎಬ್ಬಿಸುವುದರ, ಗುರುತು ಸಿಗಲಿಲ್ಲವೆಂದೂ ಅದನ್ನು ಅವಲಂಬಿಸಿದ ಟ್ಯಾಗನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದೇನೆಂದೂ ಅದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಪ್ರವೀಣನಿಗೆ ಫೋನು ಮಾಡಿದೆ.

"ಹಳದಿ ಬಂದ್ರೆ ಏನಾಗಲ್ಲ ಸಾರ್. ಕೆಂಪು ಬಂದ್ರೆ ಮಾತ್ರ ಫೋನ್ ಮಾಡಿ."

"ಅಲ್ಲಪ್ಪ, ಬಿಟ್ಟೆ ಅಂತ ಅದೇ ಹೇಳಾಕತ್ತೈತಿ."

"ಸಾರ್, ನೀವು ಮೊನ್ನೆ ಹಸಿರಿಗೂ ಫೋನ್ ಮಾಡಿದ್ರಿ."

ಅದು ನಿಜ. ನಾನು ನಾಚಿಕೊಂಡು ಫೋನಿಟ್ಟೆ. ಆವತ್ತು ಮನೆಯಲ್ಲಿ ಶಕುಂತಲಾ ಕೂಡ, "ಒಂದು ವಿಷಯಕ್ಕಾದ್ರೂ ಚಿಂತಿ ಬಿಟ್ಟು ನೋಡ್ರಿ, ಹೆಂಗನಸ್ತೈತಿ" ಎಂದಳು. ಬಿಟ್ಟೆ. ಮರುದಿನ ನಿಜವಾದ ಕಮಾಂಡು ಬರೆದು ಎಂಟರ್ ಹೊಡೆದೆ. ಹಸಿರು, ಹಸಿರು, ಹಳದಿ, ಹಸಿರು. ಎಲ್ಲವೂ ಅಳಿಯನಿಂದ ಮಾವನ ಹೆಸರಿಗೆ ಬಂದವು. ಗುರುಬಸಪ್ಪ ಎಲ್ಲರಿಗೂ ಮಂಡಕ್ಕಿ ಮಿರ್ಚಿ ತರಿಸಿದ. ಜೀವಮಾನದಲ್ಲಿ ಒಂದೇ ಒಂದು ಸಲ ನಾನು ಚಿಂತೆ ಬಿಟ್ಟದ್ದು ಹೀಗೆ.

ಅದಾಗಿ ಸ್ವಲ್ಪ ದಿನಕ್ಕೆ ಗುರುಬಸಪ್ಪ ಬೋರ್‌ವೆಲ್ಲಿನಿಂದ ಪೈಪ್ ಎತ್ತುವ ಹೊಸ ಗಾಡಿ ಕೊಂಡ. ಗಾಡಿಯೇ ಊರೂರಿಗೆ ಹೋಗುವಾಗ ಐದು ಸೆಂಟರು ಯಾಕೆ, ನಾಲ್ಕು ಸಾಕು ಎಂದ. ಯಾವ ಊರಿನ ಸೈಟಿನಿಂದ ಕರೆ ಕಡಿಮೆಯೋ ಅದನ್ನು ಮುಚ್ಚುವುದು. ಲೆಕ್ಕ ತೆಗೆಯುವವನು ನಾನು. ತೆಗೆದೆ. ಕೊಟ್ಟೂರು ಮೇಲೆ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ನಡುವೆ. ಕೂಡ್ಲಿಗಿ ಬಾವಿಯ ತಳದಲ್ಲಿ ಬಿದ್ದಿತ್ತು. ಹೋದ ತಿಂಗಳವರೆಗೆ ಕೊಟ್ಟೂರಿಗೆ ಸರಿಸಮ ಇದ್ದ ಊರು.

ಕೂಡ್ಲಿಗಿ ಸೆಂಟರ್ ಅಂದರೆ ಹುಲಿಗೆಮ್ಮ. ಕೊಟ್ಟೂರು ರಸ್ತೆಯ ಹುಣಸೆ ಗೋದಾಮಿಗೆ ಅಂಟಿಕೊಂಡ ಒಂದೇ ಕೋಣೆ. ಅಲ್ಲಿ ಫೋನೆತ್ತುವವಳೂ ಅವಳೇ, ಸುಟ್ಟ ಮೋಟರಿನ ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವವಳೂ ಅವಳೇ. ಗಾಡಿ ಮಾತ್ರ ಕೊಟ್ಟೂರಿನಿಂದ ಬರಬೇಕು. ಹಾಗಾಗಿ ಕೂಡ್ಲಿಗಿ ಕಡೆಯ ಕೆಲಸವೆಲ್ಲ ಕೊಟ್ಟೂರಿನ ಲೆಕ್ಕಕ್ಕೆ ಹೋಗುತ್ತಿತ್ತು. ಆ ಕೋಣೆಯ ಪರವಾಗಿ ಸಾಕ್ಷಿ ಹೇಳಲು ಇದ್ದದ್ದು ವೆಬ್‌ಸೈಟಿನ ಎಣಿಕೆ ಒಂದೇ. ಮುಚ್ಚಿದರೆ ಅವಳು ಹರಪನಹಳ್ಳಿಗೆ ಹೋಗಿ ಅಲ್ಲಿಯ ವೈಂಡರ್ ನಾಗರಾಜನ ಕೈಕೆಳಗೆ ಕೂರಬೇಕಿತ್ತು. ನಾಗರಾಜ ತಂತಿ ಸುತ್ತುವುದನ್ನು ಕಲಿತದ್ದು ಅವಳ ಹತ್ತಿರ.

ನಾನು ನೇರ ಗುರುಬಸಪ್ಪನ ಬಳಿ ಹೋಗಿ, "ಇದು ನಂದೇ ತಪ್ಪಿರಬೇಕ್ರಿ. ಟ್ಯಾಗ್ ತರೋವಾಗ ಏನೋ ಬಿಟ್ಟಂಗಾಗೈತಿ" ಎಂದೆ.

ಅವನು ನಕ್ಕ. "ಲೇ, ಹೋದ ವರ್ಷ ಗಾಡಿ ಪಂಕ್ಚರ್ ಆದಾಗ ಏನಂದಿ? ನಂದೇ ತಪ್ಪು, ನಾನು ಹತ್ತಬಾರದಿತ್ತು ಅಂದಿ. ಮಳಿ ಬರಲಿಲ್ಲ ಅಂದ್ರೂ ಛತ್ರಿ ತಂದಿದ್ದೆ, ಅದಕ್ಕ ಬರಲಿಲ್ಲ ಅಂದಿ. ನಿನ್ನ ಮಾತು ಹಿಡಕೊಂಡು ವ್ಯಾಪಾರ ಮಾಡಾಕ ಆಗ್ತೈತೇನು?"

ಬಾಳೆಲ್ಲ ಮಾಡದ ತಪ್ಪುಗಳನ್ನು ಒಪ್ಪಿಕೊಂಡು ಬಂದವನಿಗೆ ಮಾಡಿದ ಒಂದು ತಪ್ಪನ್ನು ಒಪ್ಪಿಸಲಾಗಲಿಲ್ಲ. ಮರುದಿನ ಕೂಡ್ಲಿಗಿಯ ಬಸ್ಸು ಹತ್ತಿದೆ.

ಹುಲಿಗೆಮ್ಮ ಮೋಟರಿನೊಳಗಿನ ತಂತಿ ಸುತ್ತುವ ಭಾಗ, ಸ್ಟೇಟರನ್ನು, ಕಾಲುಗಳ ನಡುವೆ ಇಟ್ಟುಕೊಂಡು ತಂತಿ ಎಳೆಯುತ್ತಿದ್ದಳು. ಗೋದಾಮಿನಿಂದ ಹಣ್ಣು ಬಡಿಯುವ ಸದ್ದು. ಕೋಣೆಯೊಳಗೆ ವಾರ್ನಿಶ್ಶು ಹುಳಿಯೊಂದಿಗೆ ಸೇರಿ ತಲೆ ಸುತ್ತುವಂತಿತ್ತು. ನಾನು ವಿಷಯ ಹೇಳಿ ಮುಗಿಸುವಷ್ಟರಲ್ಲಿ ಅವಳ ಫೋನು ಮತ್ತೆಮತ್ತೆ ಹೊಡೆದುಕೊಂಡಿತು. ಎತ್ತಿದಾಗೆಲ್ಲ ಅದೇ ಮಾತು: ಮೋಟರ್ ಕೂತೈತಿ, ಮೋಟರ್ ಸುಟ್ಟೈತಿ, ಬೆಳಿ ಒಣಗಾಕತ್ತೈತಿ.

"ನೋಡ್ರಿ ಮಂಜಣ್ಣಾರ, ನನ್ನ ಫೋನಿಗೆ ಉಸುರು ಬಿಡಾಕ ಪುರುಸೊತ್ತಿಲ್ಲ. ನಿಮ್ಮ ಕಂಪ್ಯೂಟರ್‌ದಾಗ ಮಾತ್ರ ಊರೇ ಸತ್ತೋಗೈತಿ."

"ಇವರೆಲ್ಲಾ ಹಸಿರು ಗುಂಡಿ ಒತ್ತಿ ಮಾಡಾವ್ರಲ್ಲೇನು, ಅಕ್ಕಾರ?"

"ಅದು ನಂಗೆಂಗ ಗೊತ್ತಾಗ್ತೈತಿ? ಮೊದಲೂ ಹಿಂಗೇ ಆಗಿತ್ತು, ಸೈಟು ಹೊಸದರಾಗ. ಕೂಡ್ಲಿಗಿ ಲೆಕ್ಕ ಇಲ್ಲ ಅಂದ್ರು. ಮಾಲಕರ ಅಳಿಯಂದಿರ ಕೂಡ ಜಗಳಾ ತಗದೆ. ಅವರು ಒಂದಿನ ಬಂದು ಇಲ್ಲೇ ಕುಂತು, ಏನೋ ಕೇಳಿ, ಏನೋ ಹಾಕಿ ಹೋದ್ರು. ಆಮ್ಯಾಲೆ ಸರಿ ಆತು." ತಂತಿಯನ್ನು ಬಿಗಿ ಮಾಡಿ ಕತ್ತರಿಸಿದಳು. "ಹರಪನಹಳ್ಳಿಗೆ ಹೋಗಂದ್ರ ಹೋಗ್ತೀನಿ. ಆದ್ರ ನಾಗರಾಜ ನಂಗ 'ಅಕ್ಕಾ, ಆ ವಾರ್ನಿಶ್ ಡಬ್ಬಿ ತಾ' ಅಂತಾನಲ್ಲ, ಆ ಮಾತಿಗೆ ಏನು ಹೇಳಲಿ? ಅವನಿಗೆ ಡಬ್ಬಿ ತೆರಿಯಾದು ಹೇಳಿಕೊಟ್ಟಾಕಿ ನಾನು."

ಹೊರಡುವಾಗ ಬಸ್ಸು ತಪ್ಪಿತು. ಒಂದು ಟಂಟಂ ಆಟೋ ಹಿಡಿದು ದಾರಿಯ ಕ್ರಾಸಿನವರೆಗೆ ಬಂದು ನಿಂತೆ. ಅಲ್ಲಿ ರಾಜಾಸಾಬನ ಪಂಕ್ಚರ್ ಅಂಗಡಿ, ಪಕ್ಕದಲ್ಲೇ ಅವನದೇ ಚಾ. ಸುತ್ತಲಿನ ಹಳ್ಳಿಗಳ ದಾರಿಗಳೆಲ್ಲ ಕೂಡುವ ಜಾಗ. ಬೇವಿನ ನೆರಳಲ್ಲಿ ನಾನು ಚಾ ಕುಡಿಯುತ್ತಿದ್ದಾಗ ತಲೆಗೆ ಟವೆಲ್ ಸುತ್ತಿದ ಯಜಮಾನರೊಬ್ಬರು ಸೈಕಲ್ಲು ನಿಲ್ಲಿಸಿದರು.

"ರಾಜಣ್ಣ, ಆ ಮೋಟರಿನೋರ ನಂಬರ್ ತಗಿಯಪ."

ರಾಜಾಸಾಬ ಕೈಯೊರೆಸಿಕೊಂಡು ತನ್ನ ದೊಡ್ಡ ಫೋನಿನಲ್ಲಿ ನಮ್ಮ ಸೈಟು ತೆರೆದು ಹಿಡಿದ. ಹಸಿರು ಗುಂಡಿ ಅಷ್ಟು ದೊಡ್ಡದಾಗಿ ಹೊಳೆಯುತ್ತಿತ್ತು. ಯಜಮಾನರು ಅದರ ಕಡೆ ನೋಡಲೂ ಇಲ್ಲ. ಜೇಬಿನಿಂದ ತಮ್ಮ ಸಣ್ಣ ಗುಂಡಿಫೋನು ತೆಗೆದು, ಅಂಕಿಗಳನ್ನು ಬಾಯಲ್ಲಿ ಅನ್ನುತ್ತ, ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿದರು. ನಡುವೆ ತಪ್ಪಿ ಮತ್ತೆ ಮೊದಲಿನಿಂದ ಒತ್ತಿದರು. ಅಷ್ಟು ಹೊತ್ತೂ ರಾಜಾಸಾಬ ಪರದೆ ಆರದಂತೆ ಬೆರಳಾಡಿಸುತ್ತ ನಿಂತಿದ್ದ. "ಅಕ್ಕಾ, ಮೋಟರ್ ಕೂತೈತವ್ವಾ" ಎಂದರು ಯಜಮಾನರು, ಆ ಕಡೆ ಹುಲಿಗೆಮ್ಮ ಎತ್ತಿದಳೆಂದು ನನಗೂ ಗೊತ್ತಾಯಿತು.

ಮಾತು ಮುಗಿದ ಮೇಲೆ ಕೇಳಿದೆ. "ಯಜಮಾನ್ರ, ಈ ಫೋನಿನ್ಯಾಗ ಆ ಹಸರದ್ದು ಒಂದು ಒತ್ತಿದ್ರ ಹೋಗ್ತಿತ್ತಲ್ರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೋಗ್ತೈತಿ. ಹೊಳ್ಳಿ ಅವರು ಯಾವ ಫೋನಿಗೆ ಮಾಡ್ತಾರ? ಇವನಿಗೆ. ಇವ ಪಂಕ್ಚರ್ ಬಿಟ್ಟು ನಮ್ಮ ಹೊಲಕ್ಕ ಓಡಿ ಬಂದು ನನ್ನ ಕರೀಬೇಕೇನು?"

"ದಿನಾ ಹಿಂಗೇನಾ, ರಾಜಣ್ಣ?"

"ಮತ್ತೇನ್ರಿ ಸರ. ಮೋಟರಿಗೆ ಇಲ್ಲಿಗೇ ಬರ್ತಾರ. ನಾನು ಹಿಡಕೊಂಡು ನಿಂತಿರ್ತೀನಿ, ಅವರು ನೋಡ್ಕೊಂಡು ಒತ್ತತಾರ."

ಹಳದಿ ಸಾಲು ಏನು ಹೇಳುತ್ತಿತ್ತೆಂದು ನನಗೆ ಆಗ ಅರ್ಥವಾಯಿತು.

ಆಫೀಸಿಗೆ ಬಂದು ಕಪ್ಪು ಪರದೆ ತೆರೆದೆ. ಹಳೆಯ ಅಕೌಂಟನ್ನು ಅಳಿಸಿಬಿಡಿ ಎಂದು ಪ್ರವೀಣ ಹೇಳಿದ್ದರೂ ನಾನು ಹೆದರಿಕೊಂಡು ಉಳಿಸಿದ್ದೆ. ಹೆದರಿಕೆಯಿಂದ ಆದ ಒಂದೇ ಉಪಕಾರ ಅದು. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವ ಕಮಾಂಡು ಕೊಟ್ಟೆ. ಬಿಟ್ಟುಹೋದದ್ದು ಒಂದೇ ಟ್ಯಾಗು. ಅಳಿಯ ಅದಕ್ಕೆ 'ಕೂಡ್ಲಿಗಿ ನಿಂತು ನೋಡಿದವರು' ಎಂದು ಹೆಸರಿಟ್ಟಿದ್ದ. ನಂಬರಿನ ಪುಟವನ್ನು ಒಬ್ಬರು ನೋಡಿ ಒತ್ತಿಕೊಳ್ಳುವಷ್ಟು ಹೊತ್ತು ತೆರೆದಿಟ್ಟರೆ ಒಂದು ಕರೆ ಎಂದು ಎಣಿಸುವ ಟ್ಯಾಗು. ಟೂಲಿಗೆ ಆ ಥರದ ಟೈಮರ್ ಗೊತ್ತಿರಲಿಲ್ಲ. ಅದು ಬಿಟ್ಟೆನೆಂದು ಪ್ರಾಮಾಣಿಕವಾಗಿ ಪ್ರತಿಸಲವೂ ಹೇಳಿತ್ತು. ಕೇಳಿಸಿಕೊಳ್ಳಬೇಕಾದವನು ಮಿರ್ಚಿ ತಿನ್ನುತ್ತಿದ್ದ.

ಆ ಟ್ಯಾಗನ್ನು ಕೈಯಿಂದಲೇ ಹೊಸದಾಗಿ ಮಾಡಿ ಹಾಕಿದೆ. ಒಂದೆರಡು ದಿನದಲ್ಲೇ ಕೂಡ್ಲಿಗಿ ಎದ್ದು ಕೂತಿತು, ವಾರ ಕಳೆಯುವಷ್ಟರಲ್ಲಿ ಕೊಟ್ಟೂರಿನ ಭುಜಕ್ಕೆ ಬಂತು. ನಾನು ಕಾಗದದ ಮೇಲೆ ಅಚ್ಚು ತೆಗೆದುಕೊಂಡು ಗುರುಬಸಪ್ಪನ ಮುಂದಿಟ್ಟೆ. ಅವನು ಕೂಡ್ಲಿಗಿಯ ಸಾಲಿನ ಮೇಲೆ ಬೆರಳಿಟ್ಟ.

"ಹೋದ ವಾರ ಇರಲಿಲ್ಲ, ಈ ವಾರ ಐತಿ. ಏನು ಮಾಡಿದಿ?"

"ಒಂದು ಟ್ಯಾಗ್ ಬಿಟ್ಟುಹೋಗಿತ್ರಿ. ಹಾಕಿದೆ."

"ಯಾರು ಮಾಡಿದ್ದು ಆ ಟ್ಯಾಗು?"

ಇಲ್ಲಿ ನಾನು ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ. "ಅಳಿಯಂದಿರು" ಎಂದೆ.

ಅವನ ಮುಖ ಗಟ್ಟಿಯಾಯಿತು. "ಅದಕ್ಕ ಕೂಡ್ಲಿಗಿ ಲೆಕ್ಕ ಅಷ್ಟು ಉಬ್ಬಿತ್ತು. ಗುಂಡಿ ಒತ್ತದ ಮಂದಿನ್ನೂ ಎಣಿಸಿ ಎರಡು ವರ್ಷ ನನಗ ತೋರ್ಸ್ಯಾನ. ಈಗ ನೀನು ಆ ಅಕ್ಕನ ಮುಖ ನೋಡಿ ಅದನ್ನೇ ಹೊಳ್ಳಿ ತಂದೀದಿ."

"ರಾಜಾಸಾಬನ ಅಂಗಡ್ಯಾಗ ಒಂದು ತಾಸು ಕುಂದ್ರಾಕ ಬರ್ರಿ. ಕಣ್ಣಿಲೇ ನೋಡ್ರಿ."

"ನಾನು ಪಂಕ್ಚರ್ ಅಂಗಡ್ಯಾಗ ಕುಂತು ಸೆಂಟರ್ ನಡಸಬೇಕೇನಲೇ?"

"ಅಕಿ ಫೋನ್ ಇಡೀ ದಿನ ಬಡಕಂತೈತ್ರಿ."

"ಬೀಗರ ಫೋನೂ ಅದಕ್ಕೇ ಬರ್ತಾವ."

ಗುರುಬಸಪ್ಪ ಕೆಟ್ಟವನಲ್ಲ. ಹುಲಿಗೆಮ್ಮನ ಸಂಬಳಕ್ಕೆ ಕೈ ಹಚ್ಚಲಿಲ್ಲ. ಅಳಿಯನ ಕೈ ಎಲ್ಲಿ ಮುಟ್ಟಿತ್ತೋ ಅಲ್ಲಿ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ, ಅಷ್ಟೇ. ಲೆಕ್ಕ ಇಳಿದಾಗ ನನ್ನ ತಪ್ಪು ಎಂದರೆ ನಂಬಲಿಲ್ಲ, ಏರಿದಾಗ ನನ್ನ ಕೈವಾಡವೆಂದು ನಂಬಿದ. ಮೊದಲ ಮಳೆ ಬೀಳುವ ಮೊದಲೇ ಕೂಡ್ಲಿಗಿಯ ಕೋಣೆ ಖಾಲಿಯಾಯಿತು. ಗೋದಾಮಿನವನು ಗೋಡೆಯಲ್ಲೊಂದು ಬಾಗಿಲು ಒಡೆಸಿ ಅದನ್ನೂ ತನ್ನದಕ್ಕೆ ಸೇರಿಸಿಕೊಂಡ. ಸಾಮಾನು ಸಾಗಿಸುವ ದಿನ ನಾನೂ ಹೋಗಿದ್ದೆ, ಸಹಾಯಕ್ಕೆಂದು. ಮಾಡಿದ ಸಹಾಯವೆಂದರೆ ವಾರ್ನಿಶ್ ಡಬ್ಬಿಯ ಮುಚ್ಚಳ ಸರಿಯಾಗಿ ಮುಚ್ಚಿದೆಯೇ ಎಂದು ನೋಡಿದ್ದು.

"ಮುಚ್ಚೈತಿ ಬಿಡ್ರಿ" ಎಂದಳು ಹುಲಿಗೆಮ್ಮ. "ತೆರಿಯಾಕ ಇನ್ನ ನಾಗರಾಜನ್ನ ಕೇಳಬೇಕು."

ಆ ಮಳೆಗಾಲವೆಲ್ಲ ಅವಳು ಬೆಳಗಿನ ಬಸ್ಸಿಗೆ ಹರಪನಹಳ್ಳಿಗೆ ಹೋಗಿ ಕತ್ತಲಾಗುವಾಗ ಬರುತ್ತಿದ್ದಳು. ಮಳೆ ಚೆನ್ನಾಗಿಯೇ ಆಯಿತು. ಬಸ್ಸು ಕೆಟ್ಟ ದಿನ, ಹಳ್ಳ ಬಂದ ದಿನ ನಾನು ಆಫೀಸಿನಲ್ಲಿ ಕೂತು ಅವಳು ಮನೆ ಮುಟ್ಟಿದಳೋ ಇಲ್ಲವೋ ಎಂದು ಚಿಂತೆ ಮಾಡುತ್ತಿದ್ದೆ. ಫೋನು ಮಾಡಿ ಕೇಳುವ ಧೈರ್ಯವಿರಲಿಲ್ಲ. ಕೂಡ್ಲಿಗಿಯ ಪುಟ ಸೈಟಿನಲ್ಲಿ ಹಾಗೆಯೇ ಉಳಿದಿತ್ತು, ನಂಬರು ಮಾತ್ರ ಕೊಟ್ಟೂರಿನದು. ನಿಂತು ನೋಡುವವರು ಅಲ್ಲಿ ಆಗಲೂ ನಿಂತು ನೋಡುತ್ತಲೇ ಇದ್ದರು. ಮುಂದಿನ ಬೇಸಿಗೆಗೆ ಕೊಟ್ಟೂರಿನ ಫೋನು ಕೂಡ್ಲಿಗಿ ಕಡೆಯ ಕರೆಗಳಿಂದ ತುಂಬಿಹೋದಾಗ ಗುರುಬಸಪ್ಪ ಸುಮ್ಮನೆ ಬಂದು ನನ್ನ ಕುರ್ಚಿಯ ಹಿಂದೆ ನಿಂತ. ಆ ಟ್ಯಾಗಿನ ಎಣಿಕೆ ನೋಡಿದ.  ಅಂದಿನಿಂದ ದಿನಾ ಅದೊಂದನ್ನು ಕೇಳುತ್ತಾನೆ. ಆಗ ನಂಬಿದ್ದರೆ ಎಂಬ ಮಾತನ್ನು ನಾನು ತೆಗೆಯಲಿಲ್ಲ. ಆ ಹೊತ್ತಿಗೆ ಹುಲಿಗೆಮ್ಮ ಕೆಲಸ ಬಿಟ್ಟು ಕೆಲವು ತಿಂಗಳಾಗಿತ್ತು. ಏನು ಮಾಡುತ್ತಿದ್ದಾಳೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಹೋದ ವಾರ ಊಟವಾದ ಮೇಲೆ ಶಕುಂತಲಾ ನೆಂಟರ ಜೊತೆ ಮಾತಿಗೆ ಕೂತಳು. ನಾನು ಕೊಟ್ಟೂರು ರಸ್ತೆ ಹಿಡಿದು ನಡೆದೆ. ನಮ್ಮ ಕೋಣೆ ಇದ್ದಲ್ಲಿ ಹುಣಸೆಹಣ್ಣಿನ ಬುಟ್ಟಿಗಳು ಸೂರಿನವರೆಗೆ. ಸ್ವಲ್ಪ ಹೊತ್ತು ನಿಂತು ಹೊರಳಿದೆ. ಆಗ ಬಂತು, ಹುಳಿಯನ್ನು ಸೀಳಿಕೊಂಡು, ವಾರ್ನಿಶ್ಶಿನ ವಾಸನೆ.

ಎದುರಿನ ಓಣಿಯ ತಗಡಿನ ಚಪ್ಪರದಡಿ ಹುಲಿಗೆಮ್ಮ ಸ್ಟೇಟರ್ ಹಿಡಿದು ಕೂತಿದ್ದಳು. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ನಂಬರು, ದೂರದಿಂದ ನಿಂತು ನೋಡಿ ಒತ್ತಿಕೊಳ್ಳುವಷ್ಟು ದೊಡ್ಡದು. ಹಸಿರು ಗುಂಡಿ ಇರಲಿಲ್ಲ.

"ಬರ್ರಿ ಮಂಜಣ್ಣಾರ. ಗ್ಯಾಸ್ ಬಂದ್ ಮಾಡಿ ಬಂದೀರೇನು?"

"ಮಾಡೀನಂತ ಮನಿಯಾಕಿ ಹೇಳ್ಯಾಳ."

"ರಾಜಣ್ಣನ ಅಂಗಡಿ ಬಾಗಲಿಗೂ ಈ ನಂಬರ್ ಬರ್ಸೀನಿ. ಅವನಿಗೂ ಫೋನ್ ಹಿಡಕೊಂಡು ನಿಂತು ಕೈ ಸೋತಿತ್ತು."

ಈ ಬೇಸಿಗೆಯಲ್ಲಿ ನಮ್ಮ ಲೆಕ್ಕದಲ್ಲಿ ಕೂಡ್ಲಿಗಿ ಯಾಕೆ ದಿನಾ ಇಳಿಯುತ್ತಿದೆ ಎಂಬ ನನ್ನ ಚಿಂತೆಗೆ ಉತ್ತರ ಸಿಕ್ಕಿತು. ಚಾ ತರಿಸಿದಳು. ಅರ್ಧ ಕುಡಿಯುವಷ್ಟರಲ್ಲಿ ಗುರುಬಸಪ್ಪನ ಫೋನು. ಅವನ ದನಿ ಯಾವಾಗಲೂ ಪಕ್ಕದವರಿಗೂ ಕೇಳುತ್ತದೆ.

"ಲೇ ಮಂಜ, ಕೂಡ್ಲಿಗಿ ಬಿದ್ದೋಗೈತಲ್ಲೋ. ನಿಂತು ನೋಡಾವ್ರೆಲ್ಲಾ ಎಲ್ಲಿಗೆ ಹೋದ್ರು?"

ಹುಲಿಗೆಮ್ಮನ ಕೈ ತಂತಿಯ ಮೇಲೆ ನಿಂತಿತು. ನಾನು ಗೋಡೆಯ ನಂಬರು ನೋಡಿದೆ. ನನ್ನ ಸಂಬಳ ಯಾರು ಕೊಡುತ್ತಾರೆ ಎಂಬುದೂ ನೆನಪಾಯಿತು.

"ನಂದೇ ತಪ್ಪಿರಬೇಕ್ರಿ" ಎಂದೆ. "ಟ್ಯಾಗ್ ಎಲ್ಲೋ ಕೆಡಿಸೀನಿ ಅನಸ್ತೈತಿ."

"ಶುರು ಮಾಡಿದಾ ಮತ್ತ. ಊರಾಗ ಏನಾದ್ರೂ ನಿಂದೇ ತಪ್ಪು. ಈ ವರ್ಷ ಮೋಟರ್ ಸುಡಾದು ಕಡಿಮಿ ಆಗಿರಬೇಕು, ಬಿಡು." ನಕ್ಕು ಫೋನಿಟ್ಟ.

"ಏನಂದ್ರು?" ಎಂದಳು ಹುಲಿಗೆಮ್ಮ, ಕೇಳಿಸಿದ್ದರೂ.

"ನಂಬಲಿಲ್ಲ, ಅಕ್ಕಾರ."

ಅವಳು ಮತ್ತೆ ತಂತಿ ಎಳೆಯತೊಡಗಿದಳು. ಸಂಜೆಯ ಬಸ್ಸಿನಲ್ಲಿ ಶಕುಂತಲಾ ಕಿಟಕಿಗೆ ಒರಗಿ ನಿದ್ದೆ ಹೋದಳು. ಗ್ಯಾಸಿನ ನೆನಪೂ ನನಗೆ ಬರಲಿಲ್ಲ. ಒಂದೇ ಚಿಂತೆ ಕೊರೆಯುತ್ತಿತ್ತು: ಯಾವತ್ತಾದರೂ ಒಂದು ದಿನ ಗುರುಬಸಪ್ಪ ಟ್ಯಾಗು ತಪಾಸು ಮಾಡಿಸುವಷ್ಟು ನನ್ನ ಮಾತು ನಂಬಿಬಿಟ್ಟರೆ?